ವೆಂಟ್ ಪೈಪಿಗೆ (ಗಾಳಿ ಪೈಪಿಗೆ) 11,500 ರೂಪಾಯಿ ಕೇಳ್ಯಾರ, ಕೊಡಬೇಕಾ? (ಕಲಬುರಗಿ, ಎರಡಂತಸ್ತಿನ ಮನಿ)

ಮಾಳಿಗಿಮನಿ · ಭಾನುವಾರ, ರಾತ್ರಿ 9:40

ಎಲ್ಲಾರಿಗೂ ಶರಣು ಶರಣಾರ್ಥಿ.

ಮನಿ ಸೇಡಂ ರಸ್ತಾದ ಕಡಿ. 30×40 ಸೈಟು, ತೆಳಗ ನಾವು, ಮ್ಯಾಲ ಬಾಡಿಗಿ. ಕಟ್ಟಿಸಿ ಎರಡು ವರ್ಷ ಆತು. ಮ್ಯಾಲಿನ ಮನಿ ಖಾಲಿನೇ ಇತ್ತು, ಈ ಉಗಾದಿ ಆದ ಮ್ಯಾಲ ಬಾಡಿಗಿಯವರು ಬಂದಾರ. ಅವರು ಬಂದ ಹದಿನೈದು ದಿನಕ್ಕ ಶುರು ಆತು ನೋಡ್ರಿ ನಮ್ಮ ಕತಿ. ಮುಂಜಾನಿ ಮ್ಯಾಲ ಅವರು ಫ್ಲಶ್ ಜಗ್ಗಿದ್ರ ತೆಳಗ ನಮ್ಮ ಬಚ್ಚಲದ ಜಾಳಿಗ್ಯಾಗ ಗುಳುಗುಳು ಗುಳುಗುಳು. ಹುಕ್ಕಾ ಸೇದಿದಂಗ. ಒಂದು ತಾಸು ಆಗೂದರಾಗ ತತ್ತಿ ಕೊಳತಂಗ ವಾಸನಿ. ಅವ್ವ ಜಾಳಿಗಿ ಮ್ಯಾಲ ಒಂದು ಫರಸಿ ತುಂಡು ಇಟ್ಟು, ಅದರ ಮ್ಯಾಲ ತುಂಬಿದ ಬಕೀಟ ಇಡ್ತಾಳ. ಸ್ನಾನ ಮಾಡುವಾಗ ತೆಗೀಬೇಕು, ಆದ ಮ್ಯಾಲ ಮತ್ತ ಮುಚ್ಚಬೇಕು.

ಕಟ್ಟಿದ ಗುತ್ತೇದಾರರನ್ನ ಕರೆಸಿದೆ. ನೋಡಿ, "ಇದಕ್ಕ ವೆಂಟ್ ಪೈಪ್ ಬೇಕು, ನಿಮ್ಮ ಪ್ಯಾಕೇಜಿನಾಗ ಇರ್ಲಿಲ್ಲ, 11,500 ಆಗ್ತದ" ಅಂದ್ರು. ಹಳೇ ಎಸ್ಟಿಮೇಟ್ ತೆಗೆದು ನೋಡಿದೆ. ಸಿಮೆಂಟು, ಉಸುಕು, ಸಲಾಕಿ ಎಲ್ಲಾ ಮೂರು ಪುಟ ಬರದಾರ. ಪ್ಲಂಬಿಂಗಿಗೆ ಮಾತ್ರ ಒಂದೇ ಸಾಲು: "ಪ್ಲಂಬಿಂಗ್ ಮತ್ತು ಸ್ಯಾನಿಟರಿ, ಎಲ್‌.ಎಸ್., 1,65,000". ಎಲ್.ಎಸ್. ಅಂದ್ರ ಲಂಪ್ ಸಮ್, ಎಲ್ಲಾ ಕೂಡಿ ಒಂದೇ ಮೊತ್ತ. ಆ 1,65,000ದಾಗ ಏನದ, ಏನಿಲ್ಲ ಅಂತ ಯಾರಿಗೆ ಕೇಳಬೇಕು?

ಖರೇ ಹೇಳ್ರಿ, ವೆಂಟ್ ಬೇಕಾ? ಬೇಕಂದ್ರ 11,500 ಬರೋಬ್ಬರಿ ಅದನಾ?

---

ಬೆಂಗಳೂರಿಂದ_ಭಾವ · ರಾತ್ರಿ 10:05

ನಮ್ಮ ಅಪಾರ್ಟ್‌ಮೆಂಟಲ್ಲೂ ಹೀಗೇ ಇತ್ತು. ಜಾಲರಿ ಮೇಲೆ ನಾಲ್ಕು ನುಸಿ ಗುಳಿಗೆ ಹಾಕಿ, ವಾರಕ್ಕೊಮ್ಮೆ ಆ್ಯಸಿಡ್ ಬಿಡಿ. ಸರಿ ಹೋಗುತ್ತೆ. 11,500 ಯಾಕೆ ಸುಮ್ಮನೆ.

---

ಕೊಳವೆ_ಕಾಕಾ · ರಾತ್ರಿ 10:31

ಭಾವನವರ, ಆ್ಯಸಿಡ್ ಬಿಟ್ರ ವಾಸನಿ ಒಂದು ತಾಸು ಹೋಗಿ ಮತ್ತ ಬರ್ತದ, ಜೋಡಿಗೆ ಟೈಲ್ಸ್ ಸಂದಿ ತಿಂತದ. ಸೆಪ್ಟಿಕ್ ಟ್ಯಾಂಕಿನಾಗ ಹೊಲಸು ಕರಗಸೂ ಸೂಕ್ಷ್ಮ ಹುಳಾನೂ ಸಾಯ್ತಾವ, ಆಮ್ಯಾಲ ಟ್ಯಾಂಕ್ ಲಗೂ ತುಂಬ್ತದ. ಬ್ಯಾಡ.

ತಮ್ಮಾ ಮಾಳಿಗಿಮನಿ, ಗುಳುಗುಳು ಅಂದ್ರ ಗಾಳಿಗಿ ಹಾದಿ ಸಿಗವಲ್ದು ಅಂತ ಅರ್ಥ. ತುಂಬಿದ ಕೊಡ ಬೋರಲ ಹಾಕಿ ನೋಡು. ನೀರು ಧಾರಿ ಕಟ್ಟಿ ಬರೂದಿಲ್ಲ, ಡಬ್ ಡಬ್ ಅಂತ ಬರ್ತದ. ಯಾಕ? ನೀರು ಹೊರಗ ಬಂದ ಜಾಗಾಕ್ಕ ಗಾಳಿ ಹೋಗಬೇಕು, ಅದಕ್ಕ ಹಾದಿ ಒಂದೇ, ಅದೇ ಬಾಯಿ. ಪೈಪಿನಾಗೂ ಹಂಗ. ಮ್ಯಾಲಿಂದ ಫ್ಲಶ್ಶಿನ ನೀರು ಒಮ್ಮೆಲೆ ಬಿತ್ತಂದ್ರ ಪೈಪಿನಾಗ ದಟ್ಟಿ ಆಗಿ ಇಳೀತದ, ಹಿಂದಿನ ಗಾಳಿ ಜಗ್ಗತದ. ತುದಿ ಮಾಳಿಗಿ ಮ್ಯಾಲ ಬಯಲಿಗೆ ತೆರದಿದ್ರ ಅಲ್ಲಿಂದ ಗಾಳಿ ಬರ್ತದ, ಯಾರಿಗೂ ತ್ರಾಸಿಲ್ಲ. ಇಲ್ಲಂದ್ರ ಎಲ್ಲಿ ಸಿಗ್ತದ ಅಲ್ಲಿ ಜಗ್ಗತದ. ನಿಮ್ಮ ತೆಳಗಿನ ಬಚ್ಚಲದ ನಹಾನಿ ಟ್ರ್ಯಾಪಿನ (ಜಾಳಿಗಿ ತೆಳಗ ನೀರು ನಿಲ್ಲೂ ಬಾಗಿದ ಕೊಳವಿ) ನೀರು ಕುಡಿದು ಅಲ್ಲಿಂದ ಗಾಳಿ ಜಗ್ಗತದ. ಆ ಸಪ್ಪಳ ಅದೇ.

ಟ್ರ್ಯಾಪಿನಾಗ ನಿಂತ ಎರಡಿಂಚ್ ನೀರೇ ನಿಮ್ಮ ಬಾಗಿಲ. ಅದು ಹೋತು ಅಂದ್ರ ಟ್ಯಾಂಕಿಗೂ ನಿಮ್ಮ ಬಚ್ಚಲಕ್ಕೂ ನಡುವ ಏನೂ ಇಲ್ಲ. ಗೋಬರ್ ಗ್ಯಾಸ್ ಒಲಿ ಹಚ್ಚಬಹುದು ಅಲ್ಲೇ.

---

ಗುತ್ತೇದಾರ_ನಾನೇ · ಸೋಮವಾರ, ಮುಂಜಾನಿ 7:15

ನಾನು ಆ ಗುತ್ತೇದಾರ ಅಲ್ಲ ಅಂತ ಮೊದಲೇ ಹೇಳ್ತೀನಿ, ಆಮ್ಯಾಲ ಬೈಬ್ಯಾಡ್ರಿ. ಆದ್ರ ಚದರ ಅಡಿ ರೇಟಿನಾಗ ಮನಿ ಕಟ್ಟಿಸಿಕೊಂಡು ವೆಂಟ್ ಎಲ್ಲಿ ಅಂತ ಕೇಳೂದು ಬರೋಬ್ಬರಿ ಅಲ್ರಿ. ಮಾಲಕರು ಬಂದು ಕೂಡೂದೇ "ಆ ಬಾಜುದವ 1,700ಕ್ಕ ಒಪ್ಪ್ಯಾನ, ನೀ ಎಷ್ಟು?" ಅಂತ. ನಾವು ಎಲ್ಲಿ ಕಡಿಮಿ ಮಾಡಬೇಕು? ಟೈಲ್ಸ್ ಕಡಿಮಿ ಮಾಡಿದ್ರ ಕಣ್ಣಿಗಿ ಕಾಣ್ತದ. ಮಾಳಿಗಿ ಮ್ಯಾಲಿನ ಪೈಪ್ ಯಾರ ನೋಡ್ತಾರ?

---

ಎರಿಹೊಲ · ಮುಂಜಾನಿ 7:22

ಅಣ್ಣಾ, ಕಡೀ ಸಾಲು ನೀವ ಬಾಯಿಬಿಟ್ಟು ಹೇಳಿಬಿಟ್ರಿ 😄

---

ರನ್ನಿಂಗ್‌ಮೀಟರ್ · ಮುಂಜಾನಿ 11:50

ನಾ ಎಸ್ಟಿಮೇಟ್ ಮಾಡಾಕಿ. ಹದಿನಾಲ್ಕು ವರ್ಷ ಆತು, ಮನಿ, ಶಾಲಿ, ಹಾಸ್ಟೆಲ್ ಎಲ್ಲಾ ಮಾಡೀನಿ. ಬೇಕೋ ಬ್ಯಾಡೋ ಅಂತ ಈಗೇ ಹೇಳಲ್ಲ, ಮೊದಲ ನಾಲ್ಕು ಮಾತು ತಿಳೀಬೇಕು.

ಒಂದು, ಮ್ಯಾಲಿನ ಸಂಡಾಸ, ಮ್ಯಾಲಿನ ಬಚ್ಚಲ, ತೆಳಗಿನ ಸಂಡಾಸ, ಬಚ್ಚಲ ನಾಲ್ಕೂ ಒಂದೇ ಪೈಪಿಗಿ ಬಂದಾವೋ, ಬ್ಯಾರೆ ಬ್ಯಾರೆ ಅವನೋ? ಗ್ವಾಡಿ ಹೊರಗ ನಿಂತು ಎಣಿಸ್ರಿ. ಎರಡು, ಆ ಪೈಪ್ ಮಾಳಿಗಿ ಮ್ಯಾಲ ಎಷ್ಟು ಎತ್ತರಕ್ಕ ಹೋಗ್ಯದ, ತುದಿಗೆ ಏನದ? ಮೂರು, ಸೆಪ್ಟಿಕ್ ಟ್ಯಾಂಕೋ, ಯುಜಿಡಿ (ಊರಿನ ಒಳಚರಂಡಿ) ಲೈನೋ? ನಾಲ್ಕು, ಚೇಂಬರಿನ (ಪೈಪ್ ಕೂಡೂ ಗುಂಡಿ) ಮ್ಯಾಲ ಫರಸಿ ಮುಚ್ಚ್ಯಾರಲ್ಲ, ಸಂದಿ ತುಂಬ್ಯಾರೋ ಇಲ್ಲೋ? ನಮ್ಮ ಕಡಿ ಶಹಾಬಾದ್ ಫರಸಿ ಸುಮ್ಮ್ನ ಹಾಸಿ ಬಿಡ್ತಾರ, ಅರ್ಧ ಮಂದಿ ಮನಿ ವಾಸನಿ ಬರೂದು ಅಲ್ಲಿಂದ.

ಮತ್ತ ಇಷ್ಟು ಮಾಡ್ರಿ, ಖರ್ಚಿಲ್ಲ. ರಾತ್ರಿ ಜಾಳಿಗಿ ತೆಗೆದು ಟ್ರ್ಯಾಪಿಗೆ ಒಂದು ತಂಬಗಿ ನೀರು ಹಾಕ್ರಿ, ತುಂಬಿ ನಿಲ್ಲಲಿ. ಟೇಪಿನಿಂದ ಟೈಲ್ಸ್ ಮಟ್ಟದಿಂದ ನೀರಿನ ಮಟ್ಟಕ್ಕ ಎಷ್ಟು ಅಂತ ಅಳೀರಿ. ಆಮ್ಯಾಲ ಮ್ಯಾಲಿನವರಿಗೆ ಹೇಳಿ ಫ್ಲಶ್ ಮಾಡಿಸ್ರಿ, ಜೋಡಿಗೆ ಒಂದು ಬಕೀಟ ನೀರು ಸುರವಿಸ್ರಿ. ಮತ್ತ ಅಳೀರಿ. ಎಷ್ಟು ಇಳದದ ಅಷ್ಟು ಸೀಲ್ (ವಾಸನಿ ತಡಿಯೂ ನಿಂತ ನೀರು) ಹೋಗ್ಯದ. ಟ್ರ್ಯಾಪಿನಾಗ 50 ಮಿಲಿಮೀಟರ್ ಸೀಲ್ ಇರ್ತದ. ಅದರಾಗ 25 ಆದ್ರೂ ಉಳೀಬೇಕು. ಒಂದು ಊದಿನಕಡ್ಡಿ ಹಚ್ಚಿ ಬಾಯಿ ಹತ್ರ ಹಿಡೀರಿ, ಹೊಗಿ ಒಳಗ ಹೋದದ್ದು ಕಣ್ಣಿಗೇ ಕಾಣ್ತದ.

---

ಶಹಾಪುರ_ಹುಡುಗ · ಮಧ್ಯಾಹ್ನ 1:10

ಅಕ್ಕಾರ, ನಾ ಡಿಪ್ಲೊಮಾ ಸಿವಿಲ್ ಓದಾಕತ್ತೀನಿ. ಪುಸ್ತಕದಾಗ ಎರಡು ಪೈಪಿನ ಪದ್ಧತಿ, ಒಂದು ಪೈಪಿನ ಪದ್ಧತಿ, ಸಿಂಗಲ್ ಸ್ಟ್ಯಾಕ್ ಅಂತ ಅದ. ಪರೀಕ್ಷಾಕ್ಕ ಚಿತ್ರ ತೆಗೀತೀವಿ. ಆದ್ರ ಯಾದಗಿರಿ ಕಡಿ ಸೈಟಿನಾಗ ಯಾವುದು ಹಾಕ್ತಾರ ಅಂತ ಇನ್ನೂ ತಿಳದಿಲ್ಲ. ಎಲ್ಲಾ ಕಡಿ ಒಂದು ಬೂದಿ ಬಣ್ಣದ ಪೈಪೇ ಕಾಣ್ತದ.

---

ಕೊಳವೆ_ಕಾಕಾ · ಸಂಜಿ 6:20

ನಿನಗ ಕಾಣೂದು ಖರೇನೇ ಅದ ತಮ್ಮಾ. ನಾ ಬೀಡಿನ ಪೈಪಿಗೆ ಸಣಬು ತುರಕಿ, ಸೀಸ ಕರಗಿಸಿ ಹೊಯ್ಯೂ ಕಾಲದಿಂದ ಮಾಡಾಕತ್ತೀನಿ. ಆವಾಗ ಸಂಡಾಸಿಗೊಂದು, ಬಚ್ಚಲಕ್ಕೊಂದು ಪೈಪ್, ಎರಡಕ್ಕೂ ಬಾಜು ಒಂದೊಂದು ಗಾಳಿ ಪೈಪ್. ಗ್ವಾಡಿ ಹಿಂದ ನಾಲ್ಕು ಪೈಪ್ ಸಾಲಾಗಿ ಏರತಿದ್ದು. ಬಚ್ಚಲದ ನೀರು ಗಲ್ಲಿ ಟ್ರ್ಯಾಪಿಗೆ (ಮನಿ ಹೊರಗ ನೆಲದಾಗಿನ ಟ್ರ್ಯಾಪ್) ಬಂದು, ಅಲ್ಲಿಂದ ಚೇಂಬರಿಗೆ. ಅದು ಎರಡು ಪೈಪಿನ ಪದ್ಧತಿ. ಖರ್ಚ ಜಾಸ್ತಿ, ತ್ರಾಸ ಕಡಿಮಿ.

ಒಂದು ಪೈಪಿನ ಪದ್ಧತಿ ಅಂದ್ರ ಹೊಲಸು, ಬಚ್ಚಲ ಎರಡೂ ಒಂದರಾಗ, ಬಾಜು ಒಂದು ವೆಂಟ್. ಆ ಬಾಜುದ ವೆಂಟನ್ನೂ ತೆಗೆದ್ರ ಉಳದದ್ದೇ ಸಿಂಗಲ್ ಸ್ಟ್ಯಾಕ್. ನಮ್ಮ ಊರಾಗ ಎರಡಂತಸ್ತಿನ ಮನಿಗೆ ಈಗ ಹಾಕೂದೆಲ್ಲಾ ಇದೇ. ತಪ್ಪೇನಿಲ್ಲ. ಆದ್ರ ಅದರಾಗ ಒಂದು ಶರತ್ತದ. ಬಾಜು ಗಾಳಿ ಪೈಪ್ ಇಲ್ಲಂದ ಮ್ಯಾಲ ಆ ಹೊಲಸು ಪೈಪಿನ ತುದಿನೇ ಗಾಳಿ ಪೈಪ್. ಅದನ್ನ ಪೂರಾ 110 ಮಿಲಿಮೀಟರ್ ಗಾತ್ರದಾಗೇ ಮ್ಯಾಲ ಒಯ್ಯಬೇಕು, ತುದಿ ತೆರದಿರಬೇಕು. ಮ್ಯಾಲಿನ ಸಂಡಾಸಿನ ಹತ್ರ ಪೈಪ್ ನಿಲ್ಲಿಸಿ ಡಬ್ಬಿ ಬಡದ್ರ ಸಿಂಗಲ್ ಸ್ಟ್ಯಾಕ್ ಅಲ್ಲ ಅದು, ಸುಳ್ಳು ಸ್ಟ್ಯಾಕ್.

ಇನ್ನೊಂದು ಮಾತು. ಪೈಪ್ ತೆಳಗ ನೆಲಕ್ಕ ಬಂದು ತಿರುಗೂ ಜಾಗಾದಾಗ ಗಾಳಿ ಒತ್ತತದ, ಜಗ್ಗೂದಿಲ್ಲ. ಅದಕ್ಕ ತೆಳಗಿನ ಮನಿ ಸಂಡಾಸ ಆ ತಿರುವಿನ ಹತ್ರ ಜೋಡಸಬಾರದು, ಸೀದಾ ಚೇಂಬರಿಗೆ ಬ್ಯಾರೆ ಲೈನ್ ಕೊಡಬೇಕು. ತಿರುವಿಗೆ ಒಂದು ಮೊಳಕೈ ಬೆಂಡ್ ಹಾಕೂ ಬದಲಿ 45 ಡಿಗ್ರಿದು ಎರಡು ಹಾಕಬೇಕು. ನೂರೈವತ್ತು ರೂಪಾಯಿ ಫರಕ್. ಯಾರೂ ಹಾಕಂಗಿಲ್ಲ.

---

ಬೀದರ್_ಬಿಸಿಲು · ಸಂಜಿ 7:45

ಕಾಕಾ ಗಾಳಿ ಹಾದಿ ಅಂದ ಕೂಡಲೇ ನಮ್ಮ ನೌಬಾದಿನ ಕರೇಜ್ ನೆನಪಾತು. ನೆಲದ ತೆಳಗ ಸುರಂಗದಾಗ ನೀರು ಹರೀತದ, ಮ್ಯಾಲ ಸಾಲಾಗಿ ಬಾವಿ ತೋಡ್ಯಾರ. ಗಾಳಿ, ಬೆಳಕು, ಹೂಳು ತೆಗಿಯಾಕ ಹಾದಿ ಎಲ್ಲಾ ಅವೇ. ಬಹಮನಿ ಕಾಲದಾಗೇ ನಮ್ಮ ಮಂದಿಗಿ ತಿಳದಿತ್ತು, ಕೊಳವಿಗೆ ಗಾಳಿ ಬೇಕಂತ. (ಕುಡಿಯೂ ನೀರಿಗೂ ಹೊಲಸು ನೀರಿಗೂ ಹೋಲಿಕಿ ಮಾಡಿದ್ದಕ್ಕ ಬೈಬ್ಯಾಡ್ರಿ.)

ಒಂದು ಸಂಶೇ ಅದ. ನಮ್ಮ ಮನಿ ಮಾಳಿಗಿ ಮ್ಯಾಲ ಸೋಲಾರ್ ಹತ್ರ ಒಂದು ಉದ್ದ ಪೈಪ್ ನಿಂತದ, ಪ್ಲಂಬರ್ ಅದಕ್ಕ ಏರ್ ವೆಂಟ್ ಅಂದ. ಅದು ಇದೇನಾ?

---

ಕೊಳವೆ_ಕಾಕಾ · ರಾತ್ರಿ 8:02

ಅಲ್ಲಪಾ. ಅದು ಬಿಸಿ ನೀರಿನ ಲೈನಿನ ಗಾಳಿ, ಉಗಿ ಹೋಗಾಕ. ಅದರ ತುದಿ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮ್ಯಾಲ ಇರಬೇಕು, ಇಲ್ಲಂದ್ರ ಬಿಸಿ ನೀರು ಅಲ್ಲಿಂದ ಸುರೀತದ. ಅದಕ್ಕೂ ಇದಕ್ಕೂ ಹೆಸರಷ್ಟೇ ಸಂಬಂಧ. ಎರಡನ್ನೂ ಕೂಡಿಸಾಕ ಮಾತ್ರ ಹೋಗಬ್ಯಾಡ್ರಿ, ಅಂಥಾ ಶಾಣ್ಯಾನನ್ನೂ ನೋಡೀನಿ.

---

ಮಾಳಿಗಿಮನಿ · ರಾತ್ರಿ 10:48

ಅಕ್ಕಾರ, ಅಳದೆ. ಮ್ಯಾಲಿನ ಮನಿ ಹುಡುಗ ಫೋನಿನಾಗ "ಅಂಕಲ್ ಬಿಡ್ಲಾ?" ಅಂತ ಕೇಳಿ ಕೇಳಿ ಫ್ಲಶ್ ಮಾಡಿದ. ಅವಗ ಮಜಾ.

ತುಂಬಿದಾಗ ಟೈಲ್ಸಿಂದ ನೀರಿಗೆ 85 ಮಿಲಿಮೀಟರ್. ಒಂದು ಫ್ಲಶ್ ಮತ್ತ ಒಂದು ಬಕೀಟಿಗೆ 118. ಅಂದ್ರ 33 ಇಳೀತು, ಉಳದದ್ದು 17. ಇನ್ನೊಮ್ಮೆ ಮಾಡಿಸಿದೆ, ನೀರು ಕುಣದು ಕುಣದು ಸೊರ್ ಅಂತ ಹೋಗಿಬಿಡ್ತು. ಊದಿನಕಡ್ಡಿ ಹೊಗಿ ಮೊದಲ ಒಳಗ ಹೋತು, ಆಮ್ಯಾಲ ತಿರುಗಿ ನನ್ನ ಮಾರಿಗೇ ಬಂತು, ವಾಸನಿ ಜೋಡಿಗೆ. ಮ್ಯಾಲ ನಾಲ್ಕು ಮಂದಿ ಅದಾರ, ಮುಂಜಾನಿ ಸಾಲಾಗಿ ಹೋಗ್ತಾರ. ಲೆಕ್ಕ ಸಿಕ್ತು.

ನಾಲ್ಕೂ ಒಂದೇ ಪೈಪಿಗೆ ಬಂದಾವ. ಸೆಪ್ಟಿಕ್ ಟ್ಯಾಂಕ್, ಮನಿ ಹಿಂದ ಎಂಟು ಅಡಿ ದೂರ. ಫರಸಿ ಸಂದಿ ಸಿಮೆಂಟ್ ಹಾಕ್ಯಾರ, ಛಲೋ ಅದ. ಮಾಳಿಗಿ ಮ್ಯಾಲ ನಾಳಿ ಮುಂಜಾನಿ ನೋಡ್ತೀನಿ, ಈಗ ಕತ್ತಲ.

---

ಶಹಾಪುರ_ಹುಡುಗ · ರಾತ್ರಿ 11:15

ಟ್ಯಾಂಕಿನಾಗ ಯಾರನ್ನರ ಇಳಿಸಿ ನೋಡಿಸಬೇಕಾ?

---

ರನ್ನಿಂಗ್‌ಮೀಟರ್ · ರಾತ್ರಿ 11:19

ಇಲ್ಲ. ಇಳಿಸೂ ಮಾತೇ ಬ್ಯಾಡ. ಮುಚ್ಚಿದ ಟ್ಯಾಂಕಿನಾಗಿನ ಹೈಡ್ರೋಜನ್ ಸಲ್ಫೈಡ್ ಮೊದಲ ವಾಸನಿ ಹೊಡೀತದ, ಜಾಸ್ತಿ ಆದಾಗ ಮೂಗಿಗೆ ವಾಸನಿನೇ ತಿಳಿಯಂಗಿಲ್ಲ, ಅಷ್ಟರಾಗ ಮನಿಶಾ ಬಿದ್ದಿರ್ತಾನ. ಅವನ್ನ ಎತ್ತಾಕ ಇಳದಾವನೂ ಬೀಳ್ತಾನ. ಮಲ ಹೊರೂ ಪದ್ಧತಿ ನಿಷೇಧದ 2013ರ ಕಾಯ್ದಾ ಪ್ರಕಾರ ಹಂಗ ಇಳಿಸಿದವರ ಮ್ಯಾಲ ಕೇಸ್ ಆಗ್ತದ. ಮಶೀನ್ ಗಾಡಿ ಕರೆಸೂದು, ಅಷ್ಟೇ.

---

ಮಾಳಿಗಿಮನಿ · ಮಂಗಳವಾರ, ಮುಂಜಾನಿ 6:50

ನಗಬ್ಯಾಡ್ರಿ ಅಂದ್ರೂ ನಗ್ತೀರಿ.

ಮಾಳಿಗಿಗೆ ಹೋದೆ. ನೀರಿನ ಟ್ಯಾಂಕಿನ ಬಾಜು ಪೈಪ್ ಅದ, ನೆಲದಿಂದ ಬರೇ ಒಂದು ಅಡಿ ಮ್ಯಾಲ. ಪೈಪಿನ ತಲಿಗೆ ಸಿಮೆಂಟ್ ಚೀಲ ಸುತ್ತಿ, ಅದರ ಮ್ಯಾಲ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ ಸುತಳಿ ಮೂರು ಸುತ್ತು, ಗಂಟು ಹಾಕ್ಯಾರ. ಕಳ್ಳ ಕಟ್ಟಿದಂಗ ಕಟ್ಯಾರ. ತೆಳಗ ಬಂದು ಯಾರ ಕಟ್ಯಾರ ಅಂತ ಕೇಳಿದೆ.

ಅವ್ವ: "ನಾನೇ ಕಟ್ಟೀನಿ. ಸಂಡಿಗಿ ಹಾಕ್ಲಿಕ್ಕೆ ಕೂತ್ರ ಬಾಜುಕ್ಕೇ ಹೊಲಸು ವಾಸನಿ. ಸಂಡಿಗಿ ಯಾರ ತಿನ್ನಬೇಕು?"

ಕಟ್ಟಿದ್ದು ಯಾವಾಗ? ಉಗಾದಿ ಆದ ಮ್ಯಾಲ, ಬಿಸಲು ಏರಿದಾಗ. ಬಾಡಿಗಿಯವರು ಬಂದದ್ದೂ ಆವಾಗೇ. ನಾನು ಎರಡು ತಿಂಗಳಿಂದ ಮ್ಯಾಲಿನವರ ಮ್ಯಾಲ ಸಿಟ್ಟು ಮಾಡ್ಕೊಂಡು ಕೂತಿದ್ದೆ.

---

ಎರಿಹೊಲ · ಮುಂಜಾನಿ 6:58

ಅವ್ವನ ಗಂಟು! 11,500 ರೂಪಾಯಿ ಗಂಟು 😂

---

ಕೊಳವೆ_ಕಾಕಾ · ಮುಂಜಾನಿ 7:30

ಅವ್ವನ ತಪ್ಪಿಲ್ಲ. ಒಂದು ಅಡಿ ಪೈಪ್ ಬಿಟ್ಟವನ ತಪ್ಪು. ಮಂದಿ ಓಡಾಡೂ ಮಾಳಿಗಿಯಾಗ ಪೈಪಿನ ಬಾಯಿ ಕೂತವರ ಮೂಗಿನ ಮಟ್ಟಕ್ಕ ಇಟ್ರ ಯಾರರ ಕಟ್ಟೇ ಕಟ್ತಾರ. ಗಂಟು ಬಿಚ್ಚಿ ಮತ್ತ ಅಳಿ.

---

ಮಾಳಿಗಿಮನಿ · ಮುಂಜಾನಿ 8:40

ಬಿಚ್ಚಿದೆ. ಮತ್ತ ಅದೇ ಲೆಕ್ಕ, ಒಂದು ಫ್ಲಶ್, ಒಂದು ಬಕೀಟ. 85ಕ್ಕ ಇದ್ದದ್ದು 91ಕ್ಕ ಬಂತು. ಆರೇ ಮಿಲಿಮೀಟರ್! ಸಪ್ಪಳನೂ ಇಲ್ಲ. ಹುಡುಗಗ ಮೂರು ಸಲ ಫ್ಲಶ್ ಮಾಡಿಸಿದೆ, 97. ಅವರ ಅವ್ವ "ಟ್ಯಾಂಕಿನಾಗ ನೀರು ಖಾಲಿ ಆತು, ನಲ್ಲಿ ನಾಡಿದ್ದು ಬರ್ತದ" ಅಂತ ಬೈದ್ಲು, ಅಲ್ಲಿಗೆ ನಿಲ್ಲಿಸಿದೆ.

ಈಗ ಪ್ರಶ್ನೆ ಏನಂದ್ರ, ಬಿಚ್ಚಿಟ್ರ ಸಂಡಿಗಿ ಹ್ಯಾಂಗ? 11,500ರ ವೆಂಟ್ ಇನ್ನೂ ಬೇಕಾ?

---

ರನ್ನಿಂಗ್‌ಮೀಟರ್ · ಮಧ್ಯಾಹ್ನ 12:35

ಈಗ ಹೇಳ್ತೀನಿ. ಸ್ವಲ್ಪ ಉದ್ದ ಆಗ್ತದ.

ನಿಮ್ಮ ಗುತ್ತೇದಾರರು ಕೇಳಿದ್ದು ನೆಲದಿಂದ ತುದಿತನಕ ಹೊಸಾ ವೆಂಟ್ ಪೈಪ್ ಅಂತ ಹಿಡೀತೀನಿ. ಅದನ್ನ ಬಿಡಿಸಿ ನೋಡೋಣ. ನೆಲದ ತೆಳಗ ಚೇಂಬರ್ ತನಕ 0.6 ಮೀಟರ್, ಕಟ್ಟೆ 0.6, ಎರಡು ಅಂತಸ್ತು 3.2 ಹಂಗ 6.4, ಮಾಳಿಗಿ ಮ್ಯಾಲ 2. ಒಟ್ಟು 9.6 ಮೀಟರ್. 75 ಮಿಲಿಮೀಟರಿನ ಪೈಪ್ 3 ಮೀಟರಿನ ತುಂಡು ಬರ್ತದ, ನಾಲ್ಕು ಬೇಕು. ಗಂಜ್ ಬಜಾರದಾಗ ಒಂದು ಅಂಗಡಿಯಾಗ ನಾ ಕೇಳಿದ ರೇಟ್ 420, ಅಂದ್ರ 1,680. ಟೀ (ಟಿ ಆಕಾರದ ಜೋಡಣಿ), ಬೆಂಡ್ ಮೂರಕ್ಕ 420. ಕ್ಲಾಂಪ್ 12ಕ್ಕ 540. ಕೌಲ್ (ಪೈಪಿನ ತುದಿಗೆ ಹಾಕೂ ಟೊಪಗಿ) 60, ಸಾಲ್ವೆಂಟ್ (ಪೈಪ್ ಅಂಟು) 150. ಕೂಲಿ ಮೀಟರಿಗೆ 90ರಂಗ 864. ಒಟ್ಟು 3,714. ನಿಮ್ಮ ಅಂಗಡಿ ರೇಟ್ ಬ್ಯಾರೆ ಇರಬಹುದು, ಜಿಎಸ್‌ಟಿ 18% ಸೇರ್ಯದೋ ಇಲ್ಲೋ ಕೇಳ್ರಿ.

ಹಂಗಿದ್ರ 11,500 ಹ್ಯಾಂಗಾತು? ಕಟ್ಟಿದ ಮನಿ ಅಂತ. ಹೊರಗ ಬಿದಿರು ಕಟ್ಟಬೇಕು, ಎರಡು ಕಡಿ ಗ್ವಾಡಿ ಕೊರೀಬೇಕು, ಓಡಾಡೂ ಲೈನ್ ಕೊಯ್ದು ಟೀ ಕೂಡಿಸಬೇಕು, ಸಂಡಾಸಿನ ನಾಲ್ಕು ಟೈಲ್ಸ್ ಒಡದು ಹಾಕಬೇಕು, ಬಣ್ಣ ಹಚ್ಚಬೇಕು. ಎರಡು ದಿನ ಇಬ್ಬರು. 11,500 ದರೋಡಿ ಅಲ್ಲ. ಆದ್ರ ನಿಮಗ ಬೇಕಾಗಿದ್ದೂ ಅದಲ್ಲ. ಮನಿ ಕಟ್ಟುವಾಗ ಅದೇ ಕೆಲಸ ನಾಲ್ಕು ಸಾವಿರದಾಗ ಮುಗೀತಿತ್ತು, ಬಿದಿರು ಹೆಂಗೂ ಪ್ಲಾಸ್ಟರಿಗೆ ಕಟ್ಟೇ ಇರ್ತದ.

ನಿಮಗ ಬೇಕಾಗಿದ್ದು ಇಷ್ಟು: ಈಗಿನ ಪೈಪನ್ನ ಎರಡು ಮೀಟರ್ ಎತ್ತರಿಸೂದು. 110ರ ಒಂದು ಪೈಪ್ 650, 45 ಡಿಗ್ರಿ ಬೆಂಡ್ ಎರಡು 300, ಕಪ್ಲರ್ 90, ಕೌಲ್ 70, ಕ್ಲಾಂಪ್ ನಾಲ್ಕು 160, ಸಾಲ್ವೆಂಟ್ 120, ಅರ್ಧ ದಿನದ ಕೂಲಿ 600. ಒಟ್ಟು 1,990. ಬೆಂಡ್ ಯಾಕಂದ್ರ ಎರಡು ಮೀಟರ್ ಪೈಪ್ ನಡು ಮಾಳಿಗಿಯಾಗ ಒಬ್ಬಂಟಿ ನಿಂತ್ರ ಮಳಿಗಾಲದ ಗಾಳಿಗಿ ಅಲ್ಲಾಡಿ ಬುಡದಾಗ ಸೀಳ್ತದ. ಮೆಟ್ಟಿಲ ಕೋಣಿ ಗ್ವಾಡಿಗೆ ಸರಿಸಿ ಕ್ಲಾಂಪ್ ಹೊಡೀರಿ. ಬಾಗಿಲ ಇದ್ದ ಕಡಿ ಅಲ್ಲ, ಹಿಂದಿನ ಗ್ವಾಡಿಗೆ.

ಅಂಗಡಿಯಾಗ "ಟೈಪ್ ಎ" ಕೇಳ್ರಿ. ಐಎಸ್ 13592 (ಪೈಪಿನ ಭಾರತೀಯ ಮಾನಕ) ಪ್ರಕಾರ ಗಾಳಿಗಿ, ಮಳಿ ನೀರಿಗೆ ಟೈಪ್ ಎ ನಡೀತದ, 110ರದ್ದು 2.2 ಮಿಲಿಮೀಟರ್ ದಪ್ಪ. ಹೊಲಸು ಹರಿಯೂ ಪೈಪಿಗೆ ಮಾತ್ರ ಟೈಪ್ ಬಿ, 3.2 ದಪ್ಪ. ತುದಿಗೆ ಬಿ ಹಾಕಿದ್ರ ರೊಕ್ಕ ಹೋಗ್ತದ, ಅಷ್ಟೇ. ತೆಳಗ ಎ ಹಾಕಿದ್ರ ಮಾತ್ರ ಮುಂದ ಅಳಬೇಕಾಗ್ತದ. ಎರಡೂ ಒಂದೇ ಬಣ್ಣ, ಪೈಪಿನ ಮ್ಯಾಲಿನ ಅಕ್ಷರ ಓದ್ರಿ.

ಈಗ ನನ್ನ ಖರೇ ಮಾತು. ಆ ಪೈಪ್ ಒಂದು ಅಡಿಗೇ ಯಾಕ ನಿಂತು? ನೂರು ಎಸ್ಟಿಮೇಟಿನಾಗ ಎಂಬತ್ತು ನಾ ಇದೇ ನೋಡೀನಿ. ಎತ್ತರ ಹಿಡಿಯೂದು ಸ್ಲ್ಯಾಬಿನ ತನಕ. ನಕ್ಷಾದಾಗ ಸೆಕ್ಷನ್ ಅಲ್ಲಿಗೇ ಮುಗೀತದ, ಹಂಗಾಗಿ ಪೈಪೂ ಅಲ್ಲಿಗೇ ಮುಗೀತದ. 7 ಮೀಟರ್ ಅಂತ ಬರದು ಮೂರು ಪೈಪ್ ತರಸ್ತಾರ. ಅದರಾಗ ನೆಲದ ತೆಳಗ ಅರ್ಧ ಮೀಟರ್ ಹೋತು, ಒಂದು ಸಣ್ಣ ತುಂಡು ಬಚ್ಚಲದ ಅಡ್ಡ ಲೈನಿಗೆ ಹೋತು. ಉಳದದ್ದು ಎಲ್ಲಿತನಕ ಬಂತೋ ಅಲ್ಲಿಗೆ ಪ್ಲಂಬರ್ ಕೌಲ್ ಇಟ್ಟು ಇಳದು ಬರ್ತಾನ. ಅವನೇನು ತನ್ನ ರೊಕ್ಕದಾಗ ನಾಲ್ಕನೇ ಪೈಪ್ ತರಬೇಕಾ?

ಅದಕ್ಕ ನಾ ಎಸ್ಟಿಮೇಟಿನಾಗ ಎಲ್‌.ಎಸ್. ಬರಿಯಂಗಿಲ್ಲ. ಪೈಪ್ ಗಾತ್ರಕ್ಕೊಂದು ಸಾಲು, ರನ್ನಿಂಗ್ ಮೀಟರಿನಾಗ (ಉದ್ದದ ಅಳತಿ), ಮಧ್ಯರೇಖೆ ಹಿಡದು ಫಿಟಿಂಗ್ ಮ್ಯಾಲಿಂದನೇ ಅಳತಿ. "ಮಾಳಿಗಿ ಮಟ್ಟದಿಂದ ಮ್ಯಾಲ 2 ಮೀ., ಕೌಲ್ ಸಹಿತ" ಅಂತ ಬ್ಯಾರೆ ಸಾಲು. ಆ ಒಂದು ಸಾಲು ಇದ್ರ ಬಿಲ್ ಮಾಡುವಾಗ ಯಾರರ ಏರಿ ನೋಡಲೇಬೇಕು.

---

ಗುತ್ತೇದಾರ_ನಾನೇ · ಮಧ್ಯಾಹ್ನ 2:20

ಅಕ್ಕಾರ, ನಿಮ್ಮ ಮಾತು ಒಪ್ಪತೀನಿ, ಆದ್ರ ಒಂದು ಬಿಟ್ರಿ. ಕೆಲವು ಮಾಲಕರು ತಾವೇ "ಪೈಪ್ ಅಷ್ಟುದ್ದ ಬ್ಯಾಡ, ಮುಂದಿನಿಂದ ಕಾಣ್ತದ, ಮನಿ ಮಾರಿ ಕೆಡ್ತದ" ಅಂತ ಕೊಯ್ಯಿಸ್ತಾರ. ಹೋದ ವರ್ಷ ಆಳಂದ ರಸ್ತಾದ ಒಂದು ಮನಿಯಾಗ ನಾ ಏಳು ಅಡಿ ಬಿಟ್ಟಿದ್ದೆ, ಗೃಹಪ್ರವೇಶದ ಹಿಂದಿನ ದಿನ ಮಾಲಕರ ಬೀಗರು ಬಂದು "ಇದೇನ್ರಿ ಝಂಡಾದ ಕಂಬ" ಅಂದ್ರು. ಸಂಜಿಗೆ ಕೊಯ್ಸಿಬಿಟ್ರು.

ಇನ್ಮ್ಯಾಲ ಕೊಟೇಶನ್ನಿನಾಗ ಬ್ಯಾರೆ ಸಾಲು ಬರೀತೀನಿ. ಕೊಯ್ಯಿಸೋರು ಸಹಿ ಮಾಡಿ ಕೊಯ್ಯಿಸಲಿ.

---

ಬೆಂಗಳೂರಿಂದ_ಭಾವ · ಮಧ್ಯಾಹ್ನ 3:05

ಈಗ ಏರ್ ಅಡ್ಮಿಟೆನ್ಸ್ ವಾಲ್ವ್ ಅಂತ ಬರುತ್ತಲ್ಲ? ಗಾಳಿ ಒಳಗೆ ಬಿಡುತ್ತೆ, ವಾಸನೆ ಹೊರಗೆ ಬಿಡಲ್ಲ. ಒಂದು ಅಡಿಯಲ್ಲೇ ಅದನ್ನು ಕೂರಿಸಿದರೆ ಸಂಡಿಗೆಗೂ ತೊಂದರೆ ಇಲ್ಲ, ಪೈಪೂ ಎತ್ತರ ಬೇಡ.

---

ಕೊಳವೆ_ಕಾಕಾ · ಸಂಜಿ 5:40

ಈ ಸಲ ಭಾವನವರು ಛಲೋ ಮಾತು ತಂದ್ರು, ಆದ್ರ ಅರ್ಧ. ಆ ವಾಲ್ವಿನಾಗ ಒಂದು ರಬ್ಬರ್ ಪರದಾ ಇರ್ತದ. ಪೈಪ್ ಜಗ್ಗಿದಾಗ ಅದು ಏರಿ ಗಾಳಿ ಬಿಡ್ತದ, ಆಮ್ಯಾಲ ಕೂತುಬಿಡ್ತದ. ಜಗ್ಗೂದಕ್ಕ ಅದು ಔಷಧ. ಒತ್ತೂದಕ್ಕ ಅಲ್ಲ. ಟ್ಯಾಂಕಿನಾಗ ಗ್ಯಾಸ್ ಹುಟ್ಟೇ ಹುಟ್ತದ, ಅದು ಎಲ್ಲಿಂದ ಹೋಗಬೇಕು? ಒಂದಾದ್ರೂ ತೆರದ ಬಾಯಿ ಬೇಕೇ ಬೇಕು. ದೊಡ್ಡ ಕಟ್ಟಡದಾಗ ಬ್ಯಾರೆ ಕಡಿ ತೆರದ ವೆಂಟ್ ಇಟ್ಟು, ನಡು ನಡು ಇದನ್ನ ಹಾಕ್ತಾರ. ಇವರಿಗೆ ಇರೂದೇ ಒಂದು ಬಾಯಿ. ಅದಲ್ದೆ ನಮ್ಮ ಊರಿನ ಬ್ಯಾಸಗಿಗೆ, ಸುಣ್ಣದ ಕಲ್ಲಿನ ಧೂಳಿಗೆ ಆ ರಬ್ಬರ್ ಎಷ್ಟು ದಿನ ಮೆತ್ತಗ ಇರ್ತದ ಅಂತ ನನಗ ನಂಬಿಕಿ ಇಲ್ಲ.

ಮಾಳಿಗಿಮನಿ ತಮ್ಮಾ, ಟ್ಯಾಂಕಿಗೆ ಅಂತ ಬ್ಯಾರೆ ವೆಂಟ್ ಅದನಾ? ಎಂಟೇ ಅಡಿ ದೂರ ಅಂದಿ.

---

ಮಾಳಿಗಿಮನಿ · ಸಂಜಿ 6:15

ಅದ ಕಾಕಾ. ಟ್ಯಾಂಕಿನ ಬಾಜುಕ್ಕೇ ನಾಲ್ಕು ಅಡಿ ಪೈಪ್ ನಿಂತದ, ಮ್ಯಾಲ ಟೀ ಹಾಕ್ಯಾರ. ಜಾಳಿಗಿ ಇಲ್ಲ. ಅಡಗಿ ಮನಿ ಕಿಟಕಿ ಅಲ್ಲೇ ಬಾಜು.

---

ಬೀದರ್_ಬಿಸಿಲು · ಸಂಜಿ 6:40

ಜಾಳಿಗಿ ಇಲ್ಲಂದ್ರ ಅದು ವೆಂಟ್ ಪೈಪ್ ಅಲ್ರಿ, ಸೊಳ್ಳಿ ಸಾಕೂ ಪೈಪ್. ಆನೆಕಾಲು ರೋಗ ಹರಡೂ ಕ್ಯೂಲೆಕ್ಸ್ ಸೊಳ್ಳಿ ಸೆಪ್ಟಿಕ್ ಟ್ಯಾಂಕಿನಂಥಾ ಹೊಲಸು ನೀರಿನಾಗೇ ಹುಟ್ತದ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡಿ ಆ ರೋಗ ಅದ, ಅದಕ್ಕೇ ಮನಿ ಮನಿಗೆ ಬಂದು ಗುಳಿಗಿ ನುಂಗಸ್ತಾರ. ನಾ ಆ ಕೆಲಸಕ್ಕ ಸುತ್ತಾಡೀನಿ. ಗುಳಿಗಿ ನುಂಗಿಸಿ ಹಿತ್ತಲಕ್ಕ ಹೋಗಿ ನೋಡಿದ್ರ ಟ್ಯಾಂಕಿನ ಪೈಪಿನಿಂದ ಸೊಳ್ಳಿ ಹೊಗಿಯಂಗ ಏಳತಿರ್ತಾವ. ಇಪ್ಪತ್ತು ರೂಪಾಯಿ ನೈಲಾನ್ ಜಾಳಿಗಿ ತುಂಡು, ಒಂದು ತಂತಿ, ಮುಗೀತು.

---

ಕೊಳವೆ_ಕಾಕಾ · ಸಂಜಿ 7:05

ಬೀದರಿನವರು ಹೇಳಿದ್ದು ಮೊದಲ ಮಾಡು. ಎತ್ತರಾನೂ ತಪ್ಪದ. ಟ್ಯಾಂಕ್ ಮನಿಯಿಂದ 15 ಮೀಟರ್ ದೂರ ಇದ್ರ ಎರಡು ಮೀಟರ್ ಎತ್ತರದ ಪೈಪ್ ನಡೀತದ. ಅದಕ್ಕಿಂತ ಹತ್ರ ಇದ್ರ ಮನಿ ತಲಿಗಿಂತ ಎರಡು ಮೀಟರ್ ಮ್ಯಾಲ ಒಯ್ಯಬೇಕು, 50ರ ಪೈಪ್ ಸಾಕು. ಇದು ಸೆಪ್ಟಿಕ್ ಟ್ಯಾಂಕಿನ ಐಎಸ್ 2470ರಾಗೇ ಅದ. 30×40 ಸೈಟಿನಾಗ 15 ಮೀಟರ್ ಎಲ್ಲಿಂದ ತರ್ತೀರಿ? ಸೈಟಿನ ಉದ್ದನೇ 12 ಮೀಟರ್. ಅಂದ್ರ ನಮ್ಮ ಊರಿನ ಎಲ್ಲಾ ಮನಿಗೂ ಎರಡನೇದೇ ಲೆಕ್ಕ.

ಹಿಂದಿನ ಗ್ವಾಡಿ ಹಿಡದು ಒಯ್ಯಿ. ಟ್ಯಾಂಕಿನಿಂದ ಗ್ವಾಡಿ ತನಕ ನೆಲದಾಗ ಹೋಗೂ ಎಂಟು ಅಡಿಗಿ ಮುರುಮ್ ಹಾಸು, ಬರೇ ಎರಿ ಮಣ್ಣಿನಾಗ ಹುಗೀಬ್ಯಾಡ. ಬ್ಯಾಸಗ್ಯಾಗ ಎರಿ ಬಿರೀತದ, ಮಳಿಗಾಲಕ್ಕ ಉಬ್ಬತದ, ಜಾಯಿಂಟ್ ಬಿಚ್ಚಿಬಿಡ್ತದ.

---

ಎರಿಹೊಲ · ಸಂಜಿ 7:11

ನಮ್ಮ ಹಿತ್ತಲದಾಗ ಒಂದೇ ವರ್ಷದಾಗ ಎರಡು ಜಾಯಿಂಟ್ ಬಿಚ್ಚ್ಯಾವ. ಕಾಕಾ ಹೇಳೂದು ಖರೇ.

---

ಮಾಳಿಗಿಮನಿ · ಮುಂದಿನ ಭಾನುವಾರ, ಸಂಜಿ 5:30

ಕೆಲಸ ಮುಗೀತು, ಹೇಳಿ ಹೋಗೋಣಂತ ಬಂದೆ.

ಮಾಳಿಗಿ ಪೈಪ್ ಮೆಟ್ಟಿಲ ಕೋಣಿ ಹಿಂದಿನ ಗ್ವಾಡಿಗೆ ಸರಿಸಿ ಎತ್ತರಿಸಿದ್ವಿ. ಅಕ್ಕಾರು 1,990 ಅಂದಿದ್ರು, ನನಗ 2,240 ಬಿತ್ತು. ಕ್ಲಾಂಪ್ ಎರಡು ಜಾಸ್ತಿ ಆದ್ವು, ಅಂಗಡಿಯವ ಟೈಪ್ ಎ ಇಲ್ಲ ಅಂತ ಬಿ ಕೊಡಾಕ ಬಂದಿದ್ದ, ಅಕ್ಷರ ಓದಿ ವಾಪಸ್ ಕೊಟ್ಟು ಬ್ಯಾರೆ ಅಂಗಡಿಗೆ ಹೋದೆ, ಆಟೋ ಖರ್ಚ. ಟ್ಯಾಂಕಿನ ವೆಂಟ್ 50ರ ಪೈಪಿನಾಗ ಮಾಳಿಗಿ ಮ್ಯಾಲ ಒಯ್ದೆ, ಅದು ಬ್ಯಾರೆ 3,100 ಆತು. ಬಿದಿರು ಕಟ್ಟಲಿಲ್ಲ, ಬಾಜು ಮನಿಯವರ ಏಣಿ ತಂದ್ವಿ. ಎರಡಕ್ಕೂ ಜಾಳಿಗಿ ಹಾಕೀನಿ.

ಗುತ್ತೇದಾರರಿಗೆ ಫೋನ್ ಮಾಡಿ ಒಂದು ಅಡಿ ಪೈಪಿನ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮ್ನಿದ್ರು. ಆಮ್ಯಾಲ "ಪ್ಲಂಬರಿಗೆ ನಾಲ್ಕನೇ ಪೈಪ್ ಕೊಟ್ಟಿರ್ಲಿಲ್ಲ ಅನಸ್ತದ" ಅಂದ್ರು. ಕ್ಲಾಂಪಿನ ರೊಕ್ಕ ಕೊಡ್ತೀನಿ ಅಂದಾರ. ನೋಡೋಣ.

ನಿನ್ನಿ ಮತ್ತ ಅಳದೆ, ಒಂದು ಫ್ಲಶ್ಶಿಗೆ 5 ಮಿಲಿಮೀಟರ್. ಮ್ಯಾಲಿನ ಹುಡುಗ ಈಗ ನಾ ಮೆಟ್ಟಿಲ ಹತ್ತಿದ್ರ ಸಾಕು "ಅಂಕಲ್ ಬಿಡ್ಲಾ?" ಅಂತಾನ.

---

ರನ್ನಿಂಗ್‌ಮೀಟರ್ · ಸಂಜಿ 6:02

ಆಟೋ ಖರ್ಚ ನಾ ಹಿಡಿದಿರ್ಲಿಲ್ಲ, ಅದು ನನ್ನ ತಪ್ಪು. ಅವ್ವ ಏನಂದ್ರು?

---

ಮಾಳಿಗಿಮನಿ · ಸಂಜಿ 6:10

ಸಂಡಿಗಿ ಹಾಕ್ಯಾಳ. ಉಳದ ಮೂರು ಅಡಿ ಪೈಪಿಗೆ ಕರೇ ಅರಬಿ ಕಟ್ಟಿ ಕಾಗಿ ಕಾಯಾಕ ನಿಲ್ಲಿಸ್ಯಾಳ. ಸುತಳಿ ಅದೇ.